ಹಿಪ್ ಕೀಲು ಬದಲಿಸಿದರೆ ಸೊಂಟ ನೋವೂ ಹೋಗುತ್ತಾ?

“ಸೊಂಟ ನೋವು” ಎಂದಾಗ ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ? ಮನೆಯಲ್ಲಿ ನಾಲ್ಕು ಜನರನ್ನು ಕೇಳಿ ನೋಡಿ. ಒಬ್ಬರು ಬೆನ್ನಿನ ಕೆಳಗೆ, ಬೆಲ್ಟ್ ಕೂರುವ ಜಾಗಕ್ಕೆ ಹೆಬ್ಬೆರಳು ಒತ್ತಿ ತೋರಿಸುತ್ತಾರೆ. ಇನ್ನೊಬ್ಬರು ಪಕ್ಕಕ್ಕೆ, ಮಗುವನ್ನು ಎತ್ತಿ ಕೂರಿಸಿಕೊಳ್ಳುವ ಮೂಳೆಯ ಮೇಲೆ ಕೈ ಇಡುತ್ತಾರೆ. ಮತ್ತೊಬ್ಬರು ಪಿರ್ರೆಯನ್ನೇ ಹಿಡಿದುಕೊಳ್ಳುತ್ತಾರೆ. ಕನ್ನಡದಲ್ಲಿ ಇಷ್ಟಕ್ಕೂ ಸೊಂಟ ಎಂಬ ಒಂದೇ ಪದ. ಉತ್ತರ ಕರ್ನಾಟಕದ ಟೊಂಕವೂ, ಹಳೆಯ ನಡುವೂ ಇದೇ ಜಾಗದ ಸುತ್ತ ಸುಳಿದಾಡುತ್ತವೆ. ಹಿಪ್ ಕೀಲಿಗೆ ಹತ್ತಿರವಾದ ‘ಚಪ್ಪೆ’ ಎಂಬ ಪದವೊಂದಿದೆ. ಅದನ್ನು ಊರ ಹಿರಿಯರು ಬಳಸುತ್ತಾರೆ, ಆಸ್ಪತ್ರೆಯ ಬೋರ್ಡುಗಳಲ್ಲಿ ಕಾಣುವುದು ಅಪರೂಪ. ಅಲ್ಲಿರುವುದು “ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆ”.

ಸೊಂಟದ ಆಪರೇಷನ್ ಆದರೆ ಸೊಂಟ ನೋವು ಹೋಗಬೇಕಲ್ಲ? ಹಾಗೆ ಅಂದುಕೊಳ್ಳುವುದು ತೀರಾ ಸಹಜ. ಆದರೆ ಡಾಕ್ಟರು ಹೇಳುವ ಸೊಂಟ ಒಂದು, ರೋಗಿಯ ಮನಸ್ಸಿನಲ್ಲಿರುವ ಸೊಂಟ ಇನ್ನೊಂದು ಆಗಿಬಿಟ್ಟರೆ ಲಕ್ಷಾಂತರ ರೂಪಾಯಿ ಖರ್ಚು ಮಾಡಿ, ತಿಂಗಳುಗಟ್ಟಲೆ ಚೇತರಿಸಿಕೊಂಡ ಮೇಲೂ “ನೋವು ಹಾಗೇ ಇದೆ” ಎಂಬ ಮಾತು ಉಳಿಯುತ್ತದೆ. ಇದರ ತಿರುವುಮುರುವೂ ಆಗುವುದುಂಟು. ಹಿಪ್ ಕೀಲು ಸವೆದವರು ವರ್ಷಗಟ್ಟಲೆ ಬೆನ್ನಿಗೆ ಮುಲಾಮು, ಬೆಲ್ಟ್, ಟ್ರ್ಯಾಕ್ಷನ್ ಎಂದು ಸುತ್ತುತ್ತಲೇ ಇರುತ್ತಾರೆ.

ಚಿಕ್ಕ ಉತ್ತರ ಇಷ್ಟು: ಹಿಪ್ ಕೀಲು ತೀವ್ರವಾಗಿ ಹಾಳಾಗಿ, ಜೊತೆಗೆ ಬೆನ್ನುನೋವೂ ಇರುವವರಲ್ಲಿ ಬಹಳಷ್ಟು ಮಂದಿಗೆ ಕೀಲು ಬದಲಿಸಿದ ಮೇಲೆ ಬೆನ್ನುನೋವು ಕಡಿಮೆಯಾಗುತ್ತದೆ. ಎಲ್ಲರಿಗೂ ಅಲ್ಲ. ಹಿಪ್‌ನಿಂದಾಗಿ ಹುಟ್ಟಿದ ಬೆನ್ನುನೋವು ಹೋಗುತ್ತದೆ, ಬೆನ್ನಿನದೇ ಆದ ನೋವು ಉಳಿಯುತ್ತದೆ. ಯಾವುದು ಯಾವುದು ಎಂದು ಬೇರ್ಪಡಿಸುವುದೇ ಕಷ್ಟದ ಕೆಲಸ, ಅದಕ್ಕೇ ಈ ಲೇಖನ ಸ್ವಲ್ಪ ಉದ್ದ.

ಬದಲಿಸುವುದು ಏನನ್ನು?

ಹಿಪ್ ಕೀಲು ನಾವು ಅಂದುಕೊಂಡಷ್ಟು ಪಕ್ಕದಲ್ಲೂ ಇಲ್ಲ, ಹಿಂದೆಯೂ ಇಲ್ಲ. ತೊಡೆ ಹೊಟ್ಟೆಗೆ ಸೇರುವ ಮಡಿಕೆಯಿದೆಯಲ್ಲ, ಆ ತೊಡೆಸಂದಿಯ ಹಿಂದೆ ಆಳದಲ್ಲಿ ಅದು ಕೂತಿದೆ. ತೊಡೆಮೂಳೆಯ ತುದಿಯಲ್ಲಿ ಚೆಂಡಿನಂಥ ಭಾಗ, ಪೆಲ್ವಿಸ್ ಮೂಳೆಯಲ್ಲಿ ಅದು ಕೂರುವ ಬಟ್ಟಲು. ಪಕ್ಕಕ್ಕೆ ಮಲಗಿದಾಗ ಹಾಸಿಗೆಗೆ ಒತ್ತುವ ಗಟ್ಟಿ ಮೂಳೆ ಕೀಲಲ್ಲ, ತೊಡೆಮೂಳೆಯ ಹೊರಗಿನ ಗುಬುಟು. ಅಲ್ಲಿ ಮಾತ್ರ ನೋವಿದ್ದರೆ ಅದು ಹೆಚ್ಚಿನ ಸಲ ಸ್ನಾಯುರಜ್ಜುಗಳ ತೊಂದರೆ, ಕೀಲಿನದ್ದಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಹಾಳಾದ ಚೆಂಡನ್ನು ಕತ್ತರಿಸಿ ತೆಗೆದು, ತೊಡೆಮೂಳೆಯೊಳಗೆ ಲೋಹದ ಕಡ್ಡಿಯೊಂದನ್ನು ಕೂರಿಸಿ ಅದರ ತಲೆಗೆ ಲೋಹದ ಅಥವಾ ಸೆರಾಮಿಕ್ ಚೆಂಡು ಹಾಕುತ್ತಾರೆ. ಬಟ್ಟಲಿಗೆ ಹೊಸ ಒಳಪದರ ಬರುತ್ತದೆ, ಸಾಮಾನ್ಯವಾಗಿ ಗಟ್ಟಿ ಪಾಲಿಥಿಲೀನ್. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರ ನವೆಂಬರ್‌ನಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯೇ ಇವತ್ತಿನ ವಿಧಾನಕ್ಕೆ ಮಾದರಿ. ನಡೆಯಲಾರದವರನ್ನು ನಡೆಸಿದ್ದರಿಂದ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2007ರಲ್ಲಿ ಬಂದ ಲೇಖನವೊಂದು ಇದನ್ನು ಶತಮಾನದ ಶಸ್ತ್ರಚಿಕಿತ್ಸೆ ಎಂದು ಕರೆಯಿತು. ತೊಡೆಸಂದಿಯ ನೋವಿಗೆ ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ಹೆಚ್ಚು ತಕರಾರಿಲ್ಲ.

ಇಡೀ ಶಸ್ತ್ರಚಿಕಿತ್ಸೆಯಲ್ಲಿ ಬೆನ್ನುಮೂಳೆಯನ್ನು ಯಾರೂ ಮುಟ್ಟುವುದಿಲ್ಲ. ಹಾಗಿದ್ದರೆ ಬೆನ್ನುನೋವು ಕಡಿಮೆಯಾಗುವುದು ಹೇಗೆ?

ಕೀಲು ಬಗ್ಗದಿದ್ದರೆ ಬೆನ್ನು ಬಗ್ಗಬೇಕು

ಬೆನ್ನುಮೂಳೆ ನಿಂತಿರುವುದು ಪೆಲ್ವಿಸ್ ಮೇಲೆ, ಪೆಲ್ವಿಸ್ ನಿಂತಿರುವುದು ಎರಡು ಹಿಪ್ ಕೀಲುಗಳ ಮೇಲೆ. ಕೆಳಗಿನ ಕಲ್ಲು ವಾಲಿದರೆ ಮೇಲಿನದ್ದೂ ವಾಲಬೇಕಲ್ಲವೇ?

ಸವೆದ ಹಿಪ್ ಕೀಲು ನಿಧಾನವಾಗಿ ಸ್ವಲ್ಪ ಬಾಗಿದ ಭಂಗಿಯಲ್ಲೇ ಬಿಗಿದುಕೊಳ್ಳುತ್ತದೆ. ಕೀಲನ್ನು ಸುತ್ತಿದ ಪೊರೆ, ಮುಂದಿನ ಸ್ನಾಯುಗಳು ಗಿಡ್ಡವಾಗುತ್ತವೆ. ತೊಡೆ ಪೂರ್ತಿ ಹಿಂದಕ್ಕೆ ಚಾಚುವುದಿಲ್ಲ. ಈಗ ಆ ಮನುಷ್ಯ ನೆಟ್ಟಗೆ ನಿಲ್ಲಬೇಕು. ತೊಡೆ ನೇರವಾಗಿ ನೆಲಕ್ಕಿಳಿಯಬೇಕೆಂದರೆ ಪೆಲ್ವಿಸ್ ಮುಂದಕ್ಕೆ ವಾಲಬೇಕು, ಪೆಲ್ವಿಸ್ ಮುಂದಕ್ಕೆ ವಾಲಿದ ಮೇಲೂ ಮುಖ ನೇರ ಇರಬೇಕೆಂದರೆ ಕೆಳಬೆನ್ನು ಒಳಕ್ಕೆ ಇನ್ನಷ್ಟು ಬಾಗಬೇಕು. ಹಾಗೆ ಬಾಗಿದಾಗ ಬೆನ್ನುಮೂಳೆಯ ಹಿಂಬದಿಯ ಸಣ್ಣ ಕೀಲುಗಳ ಮೇಲೆ ಭಾರ ಹೆಚ್ಚುತ್ತದೆ. ಇಡೀ ದಿನ ಎದೆಯುಬ್ಬಿಸಿ ಅಟೆನ್ಷನ್‌ನಲ್ಲಿ ನಿಂತ ಹಾಗೆ.

ಈ ಬಿಗಿತವನ್ನು ಪತ್ತೆ ಹಚ್ಚಲು ಮೂಳೆತಜ್ಞರು ಇವತ್ತಿಗೂ ಮಾಡುವ ಪರೀಕ್ಷೆ 19ನೇ ಶತಮಾನದ್ದು. ಲಿವರ್‌ಪೂಲ್‌ನ ಹ್ಯೂ ಓವನ್ ಥಾಮಸ್ ಅವರ ಹೆಸರಿನದ್ದು. ಅಂಗಾತ ಮಲಗಿಸಿ, ನೋವಿಲ್ಲದ ಕಾಲಿನ ಮಂಡಿಯನ್ನು ಎದೆಗೆ ತಬ್ಬಿಕೊಳ್ಳಲು ಹೇಳುತ್ತಾರೆ. ಆಗ ಬೆನ್ನಿನ ಬಾಗು ಚಪ್ಪಟೆಯಾಗುತ್ತದೆ. ಅಲ್ಲಿಯತನಕ ಬೆನ್ನು ಬಾಗಿಸಿಕೊಂಡು ಮುಚ್ಚಿಟ್ಟಿದ್ದ ಗುಟ್ಟು ಹೊರಬೀಳುತ್ತದೆ: ತೊಂದರೆಯಿರುವ ತೊಡೆ ತಾನಾಗಿ ಹಾಸಿಗೆಯಿಂದ ಮೇಲೇಳುತ್ತದೆ. ಸ್ಕ್ಯಾನೂ ಬೇಡ, ಫೀಸೂ ಬೇಡ, ಒಂದು ಮಂಚವಿದ್ದರೆ ಸಾಕು. (ಈಗಾಗಲೇ ಕೀಲು ಬದಲಿಸಿಕೊಂಡವರು ಮನೆಯಲ್ಲಿ ಇದನ್ನು ಪ್ರಯೋಗಿಸಬಾರದು.)

ಇನ್ನೊಂದು ಕುಂಟು. ನೋವಿರುವ ಕಾಲಿನ ಮೇಲೆ ಭಾರ ಬೀಳದಿರಲೆಂದು ನಾವು ಪ್ರತಿ ಹೆಜ್ಜೆಗೂ ಮೈಯನ್ನು ಆ ಕಡೆಗೆ ತೂಗುತ್ತೇವೆ. ಎಡಕ್ಕೊಮ್ಮೆ ವಾಲಿ ನೇರವಾಗುವ ಈ ಆಟ ದಿನಕ್ಕೆ ಸಾವಿರಾರು ಸಲ ನಡೆಯುತ್ತದೆ, ಅದನ್ನೆಲ್ಲ ಮಾಡುವುದು ಬೆನ್ನಿನ ಸ್ನಾಯುಗಳು. ಕೀಲು ತಿರುಗದೆ ಹೋದಾಗಲೂ ಅಷ್ಟೇ. ಕೆಳಗೆ ಬಿದ್ದ ಚಮಚ ಎತ್ತಲು, ಕಾರಿನಿಂದ ಇಳಿಯಲು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಹಿಪ್ ಕೊಡದ ತಿರುವನ್ನು ಬೆನ್ನೇ ಕೊಡಬೇಕಾಗುತ್ತದೆ.

ಮೂರನೆಯದು ನರಗಳ ಗೊಂದಲ. ಹಿಪ್ ಕೀಲಿನಿಂದ ಸುದ್ದಿ ಒಯ್ಯುವ ನರಗಳು ಬೆನ್ನುಹುರಿಗೆ ಸೇರುವುದು ಕೆಳಬೆನ್ನಿನ ಮಟ್ಟದಲ್ಲೇ. ಬೆನ್ನು, ಪಿರ್ರೆ, ತೊಡೆಯ ನರಗಳೂ ಅಲ್ಲಿಗೇ ಬಂದು ಸೇರುತ್ತವೆ. ಒಂದೇ ಅಂಚೆಪೆಟ್ಟಿಗೆಗೆ ಮೂರು ಮನೆಯ ಪತ್ರ ಬಿದ್ದರೆ ಯಾರದ್ದೆಂದು ಮಿದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಹೃದಯಾಘಾತವಾದಾಗ ಎಡತೋಳು ನೋಯುವುದು ಇದೇ ಕಾರಣಕ್ಕೆ. ಹಿಪ್ ಹಾಳಾದವರಲ್ಲಿ ಕೆಲವರು ಮಂಡಿನೋವು ಎಂದು ಹೇಳಿಕೊಂಡು ಬರುತ್ತಾರೆ, ಮಂಡಿಯ ಎಕ್ಸ್‌ರೇ ಚೆನ್ನಾಗಿಯೇ ಇರುತ್ತದೆ.

ಕೆನಡಾದ ಮೂಳೆತಜ್ಞರಾದ ಆಫಿಯರ್‌ಸ್ಕಿ ಮತ್ತು ಮ್ಯಾಕ್‌ನಾಬ್ 1983ರಲ್ಲಿ ಈ ಸಂಬಂಧಕ್ಕೆ ಹಿಪ್–ಸ್ಪೈನ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಅವರು ರೋಗಿಗಳನ್ನು ನಾಲ್ಕು ಬಗೆಯಾಗಿ ನೋಡಿದರು. ಹಿಪ್, ಬೆನ್ನು ಎರಡೂ ಕೆಟ್ಟಿದ್ದು ನೋವು ಮಾತ್ರ ಸ್ಪಷ್ಟವಾಗಿ ಒಂದರಿಂದಲೇ ಬರುತ್ತಿರುವವರು. ಎರಡೂ ನೋಯುತ್ತಿದ್ದು ಯಾವುದೆಂದು ಸುಲಭಕ್ಕೆ ಹೇಳಲಾಗದವರು. ಒಂದರ ತೊಂದರೆ ಇನ್ನೊಂದನ್ನು ಕೆರಳಿಸಿರುವವರು. ಕೊನೆಗೆ, ಮೂಲವನ್ನೇ ತಪ್ಪಾಗಿ ಗುರುತಿಸಿ ಚಿಕಿತ್ಸೆ ಪಡೆದವರು. ನಾಲ್ಕನೆಯ ಬಗೆಗೊಂದು ಪ್ರತ್ಯೇಕ ಹೆಸರು ಕೊಡುವಷ್ಟು ಪ್ರಾಮಾಣಿಕತೆ ತೋರಿದ್ದು ನಮಗೆ ಬಹಳ ಹಿಡಿಸಿತು.

ಅಂಕಿಗಳು ಏನು ಹೇಳುತ್ತವೆ

2007ರಲ್ಲಿ ಇಸ್ರೇಲಿನ ಬೆನ್-ಗಲೀಮ್ ಮತ್ತು ಸಂಗಡಿಗರು ತೀವ್ರ ಹಿಪ್ ಸವೆತವಿದ್ದ 25 ಜನರ ಬೆನ್ನುನೋವನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಮತ್ತು ನಂತರ ಅಳೆದರು. ಬೆನ್ನುನೋವಿನಿಂದ ದಿನನಿತ್ಯದ ಕೆಲಸಕ್ಕೆ ಎಷ್ಟು ಅಡ್ಡಿ ಎಂದು ಲೆಕ್ಕ ಹಾಕುವ ಓಸ್ವೆಸ್ಟ್ರಿ ಅಂಕ ಸರಾಸರಿ ಸುಮಾರು 37ರಿಂದ 24ಕ್ಕೆ ಇಳಿಯಿತು. ಬೆನ್ನಿಗೆ ಏನೂ ಮಾಡದೆಯೇ ಬೆನ್ನು ಇಷ್ಟು ಸುಧಾರಿಸಿತು ಎಂಬುದು ಆಗ ಗಮನ ಸೆಳೆಯಿತು. ಆದರೆ 25 ಎಂಬುದು ತೀರಾ ಚಿಕ್ಕ ಗುಂಪು.

2010ರಲ್ಲಿ ಅಮೆರಿಕದ ಪರ್ವಿಜಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನಷ್ಟು ದೊಡ್ಡದು, ಮತ್ತು ನಮ್ಮ ಪ್ರಶ್ನೆಗೆ ಹೆಚ್ಚು ನೇರವಾದದ್ದು. ಹಿಪ್ ಬದಲಿಸಿಕೊಂಡ 344 ಜನರಲ್ಲಿ 170 ಮಂದಿಗೆ, ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ, ಮೊದಲೇ ಬೆನ್ನುನೋವಿತ್ತು. ಶಸ್ತ್ರಚಿಕಿತ್ಸೆಯ ನಂತರ ಈ 170ರಲ್ಲಿ 113 ಜನರ ಬೆನ್ನುನೋವು ಹೋಯಿತು. ಮೂರರಲ್ಲಿ ಎರಡು ಪಾಲು. ಮೂರನೆಯವರಿಗೆ ಉಳಿಯಿತು. ಇಲ್ಲಿಯವರೆಗಿನದ್ದನ್ನು ಜಾಹೀರಾತಿನಲ್ಲಿ ಹಾಕಬಹುದು. ಇನ್ನೊಂದು ಅರ್ಧವೂ ಇದೆ: ಮೊದಲು ಬೆನ್ನುನೋವೇ ಇಲ್ಲದಿದ್ದವರಲ್ಲಿ ಐವರಲ್ಲಿ ಒಬ್ಬರಿಗೆ ಒಂದು ವರ್ಷದೊಳಗೆ ಹೊಸದಾಗಿ ಬೆನ್ನುನೋವು ಕಾಣಿಸಿಕೊಂಡಿತು.

ಇದನ್ನು ನೂರು ಜನರ ಲೆಕ್ಕಕ್ಕೆ ಇಳಿಸೋಣ. ಶಸ್ತ್ರಚಿಕಿತ್ಸೆಗೆ ಮುಂಚೆ 50 ಜನರಿಗೆ ಬೆನ್ನುನೋವು. ಅದರಲ್ಲಿ ಸುಮಾರು 33 ಜನರದ್ದು ಹೋಯಿತು, 17 ಜನರದ್ದು ಉಳಿಯಿತು. ಬೆನ್ನುನೋವಿಲ್ಲದಿದ್ದ 50ರಲ್ಲಿ 10 ಜನರಿಗೆ ಹೊಸದಾಗಿ ಬಂತು. ಒಟ್ಟಿನಲ್ಲಿ 50 ಇದ್ದದ್ದು 27 ಆಯಿತು. ಒಳ್ಳೆಯ ಇಳಿಕೆಯೇ. ಆದರೆ ಸೊನ್ನೆಯಲ್ಲ.

ಈ ಅಂಕಿಗಳನ್ನು ಓದುವಾಗ ಎರಡು ಮಾತು ನೆನಪಿರಲಿ. ಇಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದ ಹೋಲಿಕೆಯ ಗುಂಪಿಲ್ಲ. ಬೆನ್ನುನೋವು ಏರಿಳಿಯುವ ಕಾಯಿಲೆ. ಜನ ಆಪರೇಷನ್‌ಗೆ ಒಪ್ಪುವುದು ನೋವು ಅತಿ ಹೆಚ್ಚಿರುವಾಗ, ಆಮೇಲೆ ಅದು ಏನೂ ಮಾಡದಿದ್ದರೂ ಸ್ವಲ್ಪ ಇಳಿಯುವ ಸಾಧ್ಯತೆ ಇದ್ದೇ ಇರುತ್ತದೆ. ಅಲ್ಲದೆ ಶಸ್ತ್ರಚಿಕಿತ್ಸೆಯ ಜೊತೆ ಫಿಸಿಯೋಥೆರಪಿ, ನಡಿಗೆ, ಸರಿಯಾದ ನೋವಿನ ಮದ್ದು ಎಲ್ಲವೂ ಬರುತ್ತವೆ. ಹಾಗಾಗಿ ಸುಧಾರಣೆಯ ಪೂರ್ತಿ ಕೀರ್ತಿಯನ್ನು ಲೋಹದ ಚೆಂಡಿಗೇ ಕೊಡಲಾಗದು. ಹಾಗೆಯೇ ಹೊಸ ಬೆನ್ನುನೋವಿನ ಪೂರ್ತಿ ದೂರನ್ನೂ ಅದರ ಮೇಲೆ ಹೊರಿಸಲಾಗದು. ಅರವತ್ತು ದಾಟಿದ ನೂರು ಜನರನ್ನು ಯಾವ ಆಪರೇಷನ್ನೂ ಇಲ್ಲದೆ ಒಂದು ವರ್ಷ ಗಮನಿಸಿದರೂ ಕೆಲವರಿಗೆ ಬೆನ್ನುನೋವು ಶುರುವಾಗಿರುತ್ತದೆ.

‘ಸೊಂಟದ ಎಂಆರ್‌ಐ’ ಎಂಬ ಬಲೆ

ಬೆನ್ನುನೋವೆಂದು ಹೋದರೆ ಬೇಗ ಸಿಗುವುದು ಎಂಆರ್‌ಐ ಚೀಟಿ. ವರದಿಯಲ್ಲಿ “ಎಲ್4–ಎಲ್5 ಡಿಸ್ಕ್ ಬಲ್ಜ್” ಎಂದು ಬಂದರೆ ಕಳ್ಳ ಸಿಕ್ಕಿಬಿದ್ದ ಎಂಬ ಭಾವನೆ. ಸ್ವಲ್ಪ ತಡೆಯಿರಿ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಹಲವು ಅಧ್ಯಯನಗಳಿಂದ ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, 20ರ ವಯಸ್ಸಿನವರಲ್ಲೇ ಶೇ 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. 80ರ ವಯಸ್ಸಿನವರಲ್ಲಿ ಅದು ಶೇ 84. ಇವರಿಗೆ ನೋವಿಲ್ಲ. ಅಂದರೆ ವಯಸ್ಸಾದವರ ಬೆನ್ನಿನ ಸ್ಕ್ಯಾನ್‌ನಲ್ಲಿ ಏನೋ ಒಂದು ಕಂಡೇ ಕಾಣುತ್ತದೆ, ತಲೆಯಲ್ಲಿ ಬಿಳಿಕೂದಲು ಕಂಡ ಹಾಗೆ. ಕಂಡದ್ದೆಲ್ಲ ನೋವಿನ ಕಾರಣವಲ್ಲ.

ಇನ್ನೂ ಒಂದಿದೆ. “ಸೊಂಟದ ಎಂಆರ್‌ಐ ಆಗಿದೆ, ಅದರಲ್ಲಿ ಎಲ್ಲ ಬಂದಿದೆ” ಎಂದು ಮನೆಯವರು ಹೇಳುವ ಸ್ಕ್ಯಾನ್ ಬಹುತೇಕ ಕೆಳಬೆನ್ನಿನದ್ದಾಗಿರುತ್ತದೆ. ಹಿಪ್ ಕೀಲನ್ನು ನೋಡಲು ತೆಗೆದ ಚಿತ್ರ ಅದಲ್ಲ. ನಮ್ಮ ಒಂದೇ ಪದ ಇಲ್ಲೂ ಆಟವಾಡುತ್ತದೆ. ಹಿಪ್ ಸವೆತ ನೋಡಲು ಪೆಲ್ವಿಸ್‌ನ ಒಂದು ಸಾದಾ ಎಕ್ಸ್‌ರೇ ಬಹಳ ಸಲ ಸಾಕು.

ಸಾಕಾಗದ ಸಂದರ್ಭವೊಂದನ್ನು ಹೇಳಲೇಬೇಕು, ಯಾಕೆಂದರೆ ಅದು ನಮ್ಮಲ್ಲಿ ಜಾಸ್ತಿ. ಪಶ್ಚಿಮದ ದೇಶಗಳಲ್ಲಿ ಹಿಪ್ ಬದಲಿಸಿಕೊಳ್ಳುವವರು ಮುಖ್ಯವಾಗಿ ವಯಸ್ಸಾಗಿ ಕೀಲು ಸವೆದವರು. ಭಾರತದಲ್ಲಿ ಮೂವತ್ತು, ನಲವತ್ತರ ವಯಸ್ಸಿನವರೂ ಸಾಕಷ್ಟಿದ್ದಾರೆ. ಅವರಲ್ಲಿ ದೊಡ್ಡ ಕಾರಣ ಎವಿಎನ್, ಅಂದರೆ ರಕ್ತ ಪೂರೈಕೆ ನಿಂತು ತೊಡೆಮೂಳೆಯ ಚೆಂಡು ಒಳಗೊಳಗೇ ಸಾಯುವುದು. ಹೆಚ್ಚು ಪ್ರಮಾಣದ ಸ್ಟೀರಾಯ್ಡ್, ಅತಿಯಾದ ಕುಡಿತ ಮುಖ್ಯ ಕಾರಣಗಳು. ಕೋವಿಡ್‌ಗೆ ಸ್ಟೀರಾಯ್ಡ್ ಪಡೆದ ಕೆಲವರಲ್ಲೂ ಕಂಡುಬಂತು. ಚಾಮರಾಜನಗರ, ಮೈಸೂರು ಭಾಗದ ಆದಿವಾಸಿ ಸಮುದಾಯಗಳಲ್ಲಿರುವ ಸಿಕಲ್ ಸೆಲ್ ಕಾಯಿಲೆಯೂ ಇದಕ್ಕೆ ದಾರಿ. ಎವಿಎನ್ ಆರಂಭದಲ್ಲಿ ಎಕ್ಸ್‌ರೇ ಪೂರ್ತಿ ಸರಿಯಾಗಿ ಕಾಣಬಹುದು, ಹಿಪ್‌ನ ಎಂಆರ್‌ಐಯಲ್ಲಿ ಮಾತ್ರ ಗೊತ್ತಾಗುತ್ತದೆ. ಆ ವಯಸ್ಸಿನವರು ನೋವೆಂದರೆ “ಕಂಪ್ಯೂಟರ್ ಮುಂದೆ ಕೂತು ಕೂತು ಸೊಂಟ ಹಿಡಿದಿದೆ” ಎನ್ನುವುದು ವಾಡಿಕೆ.

ಇದಕ್ಕೆ ಪೂರ್ತಿ ಬೇರೆಯದೇ ಉದಾಹರಣೆ ಮಲೆನಾಡಿನ ಹಂದಿಗೋಡು ಕಾಯಿಲೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಈ ಆನುವಂಶಿಕ ಕಾಯಿಲೆಯಲ್ಲಿ ಎಳೆಯ ವಯಸ್ಸಿಗೇ ಹಿಪ್ ಕೀಲುಗಳು ಹಾಳಾಗುತ್ತವೆ. ಕೆಲವರಲ್ಲಿ ಬೆನ್ನುಮೂಳೆಯ ಮಣಿಗಳೂ ಚಪ್ಪಟೆಯಾಗಿರುತ್ತವೆ. ಇಂಥವರಲ್ಲಿ ಹಿಪ್ ಬದಲಿಸಿದರೆ ನಡಿಗೆ ಸುಧಾರಿಸಬಹುದು, ಬೆನ್ನಿಗೆ ಅದರದೇ ಕಾಯಿಲೆ ಇದ್ದೇ ಇರುತ್ತದೆ. ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕುವ ಹಾಗಿಲ್ಲ.

ಹಿಪ್ಪೋ ಬೆನ್ನೋ: ಕೆಲವು ಸುಳಿವು

ನಾವು ವೈದ್ಯರಲ್ಲ, ನೀವೂ ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಬೇಕಾಗಿಲ್ಲ. ಆದರೆ ಡಾಕ್ಟರ ಮುಂದೆ ಏನು ಹೇಳಬೇಕೆಂದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಹಿಪ್ ಕೆಟ್ಟಾಗ ಮೊದಲು ಕೈಬಿಡುವುದು ತಿರುಗುವ ಚಲನೆ. ಸಾಕ್ಸ್ ಹಾಕಿಕೊಳ್ಳುವುದು, ಕಾಲಿನ ಉಗುರು ಕತ್ತರಿಸುವುದು, ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಬೈಕಿನ ಸೀಟಿನ ಮೇಲೆ ಕಾಲು ದಾಟಿಸುವುದು. ಇವು ಒಂದೊಂದೇ ಕಷ್ಟವಾಗುತ್ತ ಬಂದಿವೆಯೇ? “ನೆಲಕ್ಕೆ ಕೂರುವುದು ಬಿಟ್ಟು ಎರಡು ವರ್ಷ ಆಯ್ತು” ಎಂದು ಅಜ್ಜಿ ಮಾತಿನ ನಡುವೆ ಹೇಳಿದ್ದು ಎಂಆರ್‌ಐ ವರದಿಯ ಒಂದು ಪುಟಕ್ಕಿಂತ ಹೆಚ್ಚು ತಿಳಿಸಬಹುದು. ನೋವು ತೊಡೆಸಂದಿಯಲ್ಲಿದ್ದರೆ, ಕೂತು ಎದ್ದ ಮೊದಲ ಹೆಜ್ಜೆಗಳಲ್ಲಿ ಹೆಚ್ಚಿದ್ದರೆ ಅನುಮಾನ ಇನ್ನೂ ಹಿಪ್ ಕಡೆಗೇ.

ಬೆನ್ನಿನ ನರ ಒತ್ತಿದ್ದರೆ ನೋವು ಮಂಡಿಯ ಕೆಳಗೂ ಇಳಿದು ಪಾದದವರೆಗೆ ಹೋಗುವುದು, ಜೋಮು ಹಿಡಿಯುವುದು, ಇರುವೆ ಹರಿದಂತಾಗುವುದು ಹೆಚ್ಚು. ನರದ ಹಾದಿ ಕಿರಿದಾದವರಿಗೆ ನೆಟ್ಟಗೆ ನಡೆದರೆ ಕಾಲು ಸೋಲುತ್ತದೆ. ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಯ ಮೇಲೆ ಬಾಗಿ ನಡೆದರೆ, ಕಟ್ಟೆಯ ಮೇಲೆ ಕೂತರೆ ಹಾಯೆನಿಸುತ್ತದೆ.

ಪಿರ್ರೆಯ ನೋವೇ ತಲೆನೋವು. ಅದು ಬೆನ್ನಿನದ್ದೆಂದೇ ಬಹಳ ಜನ ನಂಬುತ್ತಾರೆ. ಆದರೆ ಹಿಪ್ ಕೀಲಿನೊಳಗೆ ಮದ್ದು ಚುಚ್ಚಿದಾಗ ನೋವು ಇಳಿದ, ಅಂದರೆ ನೋವಿನ ಮೂಲ ಹಿಪ್ ಎಂದೇ ಖಚಿತವಾದ 51 ಜನರನ್ನು ನೋಡಿದ 2008ರ ಅಧ್ಯಯನವೊಂದರಲ್ಲಿ ಶೇ 71ರಷ್ಟು ಮಂದಿಗೆ ನೋವು ಪಿರ್ರೆಯಲ್ಲಿತ್ತು. ತೊಡೆಸಂದಿಯಲ್ಲಿ ಇದ್ದದ್ದು ಶೇ 55ರಷ್ಟು ಜನರಿಗೆ. ಜಾಗ ನೋಡಿ ಮಾತ್ರ ತೀರ್ಪು ಕೊಡಬಾರದು ಎನ್ನುವುದು ಇದಕ್ಕೇ.

ಎರಡೂ ಕೆಟ್ಟಿದ್ದು ಗೊಂದಲ ಉಳಿದರೆ ಇದೇ ಚುಚ್ಚುಮದ್ದು ಪರೀಕ್ಷೆಯಾಗುತ್ತದೆ. ಅಲ್ಟ್ರಾಸೌಂಡ್ ಅಥವಾ ಎಕ್ಸ್‌ರೇ ನೋಡಿಕೊಂಡು ಹಿಪ್ ಕೀಲಿನೊಳಕ್ಕೆ ಮರಗಟ್ಟಿಸುವ ಮದ್ದು ಬಿಡುತ್ತಾರೆ. ಮುಂದಿನ ಕೆಲವು ಗಂಟೆ ನಡೆದಾಡಿ, ಮೆಟ್ಟಿಲು ಹತ್ತಿ ನೋಡಬೇಕು. ತೊಡೆಸಂದಿಯ ಜೊತೆ ಬೆನ್ನಿನ ನೋವೂ ಇಳಿಯಿತೇ? ಹಾಗಾದರೆ ಕೀಲು ಬದಲಿಸಿದಾಗ ಬೆನ್ನಿಗೂ ಲಾಭವಾಗುವ ಸಾಧ್ಯತೆ ಹೆಚ್ಚು. ಬೆನ್ನು ಮಾತ್ರ ಮೊದಲಿನಂತೆಯೇ ನೋಯುತ್ತಿದ್ದರೆ ಆಪರೇಷನ್‌ನಿಂದ ಏನು ನಿರೀಕ್ಷಿಸಬೇಕು, ಏನು ನಿರೀಕ್ಷಿಸಬಾರದು ಎಂದು ಮುಂಚೆಯೇ ಗೊತ್ತಾಯಿತು. ಇದು ಎಲ್ಲರಿಗೂ ಬೇಕಿಲ್ಲ, ಆದರೆ ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚಿನ ಒಂದು ಅಗ್ಗದ ಪ್ರಶ್ನೆ.

ಇದೆಲ್ಲಕ್ಕೂ ಹೊರತಾದ ಲಕ್ಷಣಗಳೂ ಇವೆ. ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಕೂರುವ ಜಾಗದ ಸುತ್ತ ಸ್ಪರ್ಶ ತಿಳಿಯದಿರುವುದು, ಪಾದ ಎತ್ತಲಾಗದೆ ಜೋತುಬೀಳುವುದು, ಬೆನ್ನುನೋವಿನ ಜೊತೆ ಜ್ವರ. ಇವು ಬಂದರೆ ಹಿಪ್ಪೋ ಬೆನ್ನೋ ಎಂದು ಯೋಚಿಸುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

“ಬೆನ್ನಿಗೆ ಚುಚ್ಚಿದ್ದಕ್ಕೇ ನೋವು ಬಂತು”

ಸಿಸೇರಿಯನ್ ಆದವರಿಂದ ಹಿಡಿದು ಹಿಪ್ ಬದಲಿಸಿಕೊಂಡವರವರೆಗೆ ನಾವು ಅತಿ ಹೆಚ್ಚು ಕೇಳುವ ಮಾತು ಇದು. ಹಿಪ್ ಶಸ್ತ್ರಚಿಕಿತ್ಸೆ ಬಹಳ ಸಲ ಬೆನ್ನಿನ ಮೂಲಕ ಕೊಡುವ ಅರಿವಳಿಕೆಯಲ್ಲಿ ನಡೆಯುತ್ತದೆ. ಸೂಜಿ ಕೂದಲೆಳೆಯಲ್ಲದಿದ್ದರೂ ತೀರಾ ಸಣ್ಣದು, ಮದ್ದಿನ ಪ್ರಭಾವ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಚುಚ್ಚಿದ ಜಾಗ ಕೆಲವು ದಿನ ಮುಟ್ಟಿದರೆ ನೋಯಬಹುದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುವ ಬೆನ್ನುನೋವಿಗೆ ಈ ಸೂಜಿ ಕಾರಣ ಎಂಬುದಕ್ಕೆ ಅಧ್ಯಯನಗಳಲ್ಲಿ ಬೆಂಬಲ ಸಿಕ್ಕಿಲ್ಲ. ಆದರೂ ನಂಬಿಕೆ ಯಾಕೆ ಗಟ್ಟಿ ಎಂದರೆ ಅದು ಕಣ್ಣಿಗೆ ಕಂಡದ್ದು, ನೆನಪಿನಲ್ಲಿ ಉಳಿದದ್ದು. ಹತ್ತು ವರ್ಷ ಕುಂಟಿದ್ದು ಯಾರಿಗೂ ನೆನಪಿರುವುದಿಲ್ಲ.

ಆಪರೇಷನ್ ನಂತರದ ಬೆನ್ನುನೋವಿಗೆ ಹೆಚ್ಚು ನಂಬಬಹುದಾದ ಕಾರಣಗಳಲ್ಲೊಂದು ಕಾಲಿನ ಉದ್ದ. ಸವೆದ ಕೀಲಿನಿಂದ ಕಾಲು ವರ್ಷಗಳ ಕಾಲ ಗಿಡ್ಡವಾಗಿರುತ್ತದೆ, ಮೈ ಅದಕ್ಕೆ ಹೊಂದಿಕೊಂಡಿರುತ್ತದೆ. ಹೊಸ ಕೀಲು ಕೂತಾಗ ಉದ್ದ ಸರಿಯಾದರೂ “ಈ ಕಾಲು ಉದ್ದವಾಯ್ತು” ಎನಿಸುತ್ತದೆ, ಯಾಕೆಂದರೆ ಬಿಗಿದ ಸ್ನಾಯುಗಳು ಪೆಲ್ವಿಸ್ ಅನ್ನು ಇನ್ನೂ ಓರೆಯಾಗಿಯೇ ಹಿಡಿದಿರುತ್ತವೆ. ವ್ಯಾಯಾಮದೊಂದಿಗೆ ಕೆಲವು ತಿಂಗಳಲ್ಲಿ ಈ ಅನಿಸಿಕೆ ಬಹುಪಾಲು ಹೋಗುತ್ತದೆ. ಅದಕ್ಕೇ ಮೊದಲ ವಾರವೇ ಚಪ್ಪಲಿಗೆ ಅಟ್ಟೆ ಹೊಲಿಸಲು ಓಡಬಾರದು. ಹಾಗೆ ಮಾಡಿದರೆ ಓರೆಯೇ ಕಾಯಂ ಆಗಬಹುದು. ನಿಜವಾಗಿಯೂ ಮೂಳೆಯ ಉದ್ದದಲ್ಲೇ ವ್ಯತ್ಯಾಸವಾಗಿದ್ದರೆ ಎಕ್ಸ್‌ರೇಯಲ್ಲಿ ಅಳೆದು ಆಮೇಲೆ ಅಟ್ಟೆ ಕೊಡುತ್ತಾರೆ. ತೊಡೆಸಂದಿಯ ನೋವು ಮೊದಲ ವಾರಗಳಲ್ಲೇ ಹೋಗಬಹುದು, ಬೆನ್ನು ಅಷ್ಟು ಬೇಗ ಕೇಳುವುದಿಲ್ಲ. ವರ್ಷಗಳ ಕುಂಟನ್ನು ಮರೆಯಲು ಅದಕ್ಕೆ ತಿಂಗಳುಗಳೇ ಬೇಕು, ಪಿರ್ರೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಅಷ್ಟು ದಿನ ಬಿಡದೆ ಮಾಡಬೇಕು. ಹಾಲು ನಿಂತ ಮೇಲೆ ಬಾಣಂತನ ಮುಗಿಯಿತು ಎಂದಂತೆ, ಹೊಲಿಗೆ ಬಿಚ್ಚಿದ ಮೇಲೆ ಫಿಸಿಯೋಥೆರಪಿ ಮುಗಿಯಿತು ಎನ್ನುವವರೇ ಜಾಸ್ತಿ.

ಬೆನ್ನಿಗೆ ಮೊದಲೇ ಸ್ಕ್ರೂ ಹಾಕಿದ್ದರೆ

ಹಿಪ್ ಮತ್ತು ಬೆನ್ನು ಎರಡಕ್ಕೂ ಶಸ್ತ್ರಚಿಕಿತ್ಸೆ ಬೇಕಾದವರಲ್ಲಿ ಯಾವುದು ಮೊದಲು? ನರಕ್ಕೆ ಅಪಾಯವಿದ್ದರೆ, ಅಂದರೆ ಕಾಲಿನ ಬಲ ಕುಗ್ಗುತ್ತಿದ್ದರೆ, ಬೆನ್ನಿಗೇ ಆದ್ಯತೆ. ಅಂಥ ತುರ್ತಿಲ್ಲದಿದ್ದರೆ ಬಹಳಷ್ಟು ತಜ್ಞರು ಹಿಪ್ ಅನ್ನು ಮೊದಲು ನೋಡಿಕೊಳ್ಳುತ್ತಾರೆ. ಬೆನ್ನುನೋವು ಅದರಿಂದಲೇ ಇಳಿದುಬಿಟ್ಟರೆ ಎರಡನೇ ಆಪರೇಷನ್ ತಪ್ಪಬಹುದು ಎಂಬುದು ಒಂದು ಕಾರಣ.

ಇನ್ನೊಂದು ಕಾರಣ ತಿಳಿಯಲು ಕುರ್ಚಿಯಲ್ಲಿ ಕೂರಬೇಕು. ನಿಂತವರು ಕೂತಾಗ ಪೆಲ್ವಿಸ್ ಸುಮಾರು 20 ಡಿಗ್ರಿಯಷ್ಟು ಹಿಂದಕ್ಕೆ ಉರುಳುತ್ತದೆ. ಹಾಗೆ ಉರುಳಿದಾಗ ಹಿಪ್‌ನ ಬಟ್ಟಲು ಮುಂಭಾಗದಲ್ಲಿ ತೆರೆದುಕೊಂಡು, ಮೇಲೇಳುವ ತೊಡೆಗೆ ಜಾಗ ಬಿಡುತ್ತದೆ. ಕೆಳಬೆನ್ನಿನ ಮಣಿಗಳನ್ನು ಸ್ಕ್ರೂ ಹಾಕಿ ಬೆಸೆದಿದ್ದರೆ ಪೆಲ್ವಿಸ್ ಹೀಗೆ ಉರುಳುವುದಿಲ್ಲ. ಬಟ್ಟಲು ಜಾಗ ಬಿಡುವುದಿಲ್ಲ, ತೊಡೆಮೂಳೆ ಅದರ ಅಂಚಿಗೆ ತಾಗಿ ಚೆಂಡು ಹಿಂದಕ್ಕೆ ಜಾರಬಹುದು. ಬೆನ್ನು ಬೆಸೆದವರಲ್ಲಿ ಹೊಸ ಹಿಪ್ ಕೀಲು ತಪ್ಪುವ ಅಪಾಯ ಹೆಚ್ಚು ಎಂದು ಹಲವು ದೊಡ್ಡ ಅಧ್ಯಯನಗಳು ತೋರಿಸಿವೆ. ತಗ್ಗಾದ ಸೋಫಾದಿಂದ ಏಳುವಾಗ, ಕುಕ್ಕರಗಾಲಿನಲ್ಲಿ ಕೂರುವಾಗ, ಶೌಚಾಲಯದಲ್ಲಿ ಇದು ಆಗುವುದು ಹೆಚ್ಚು.

ಹಾಗೆಂದು ಬೆನ್ನು ಬೆಸೆದವರು ಹಿಪ್ ಬದಲಿಸಿಕೊಳ್ಳಬಾರದೆಂದಲ್ಲ. ಮೊದಲೇ ಗೊತ್ತಿದ್ದರೆ ಶಸ್ತ್ರವೈದ್ಯರು ನಿಂತು ಒಂದು, ಕೂತು ಒಂದು ಪಕ್ಕದ ಎಕ್ಸ್‌ರೇ ತೆಗೆಸಿ ಪೆಲ್ವಿಸ್ ಎಷ್ಟು ಉರುಳುತ್ತದೆಂದು ನೋಡಿ, ಬಟ್ಟಲನ್ನು ಕೂರಿಸುವ ಕೋನವನ್ನು ಅದಕ್ಕೆ ಹೊಂದಿಸುತ್ತಾರೆ; ಸುಲಭಕ್ಕೆ ಜಾರದಂಥ ದೊಡ್ಡ ಅಥವಾ ಜೋಡಿ ಚಲನೆಯ ಚೆಂಡನ್ನು ಆರಿಸಬಹುದು. ಬೆನ್ನಿನ ಆಪರೇಷನ್ ಹತ್ತು ವರ್ಷದ ಹಿಂದೆ ಬೇರೆ ಊರಿನ, ಬೇರೆ ಆಸ್ಪತ್ರೆಯಲ್ಲಿ ಆಗಿದ್ದರೂ ಆ ಹಳೆಯ ಎಕ್ಸ್‌ರೇಗಳನ್ನು ಮತ್ತು ಡಿಸ್ಚಾರ್ಜ್ ಚೀಟಿಯನ್ನು ಹುಡುಕಿ ಹಿಪ್ ಡಾಕ್ಟರ ಮೇಜಿನ ಮೇಲಿಡಿ. ಅವರು ಕೇಳದಿದ್ದರೂ ಇಡಿ.